ಗಿಟಾರ್ ಕೊಳ್ಳೋ ಮುಂಚೆ: ಇದು ಯಾರ ಜೊತೆ ನುಡಿಸೋಕೆ?

(1/6)
ಫೋಟೋದಲ್ಲಿರೋದು ನನ್ನ ಗಿಟಾರ್. ಹೌದು, ಸೆಕೆಂಡ್ ಹ್ಯಾಂಡ್. ಹೌದು, ಅಷ್ಟೊಂದು ಗೀರು.

"ಫ್ಲಾಮೆಂಕೋಗೆ ಪ್ರೊಫೆಷನಲ್ ಗಿಟಾರ್ ತಗೋಬೇಕು, ಯಾವ್ದು ತಗೊಳ್ಳಲಿ?" ಅಂತ ಈ ತಿಂಗಳು ಮೂರು ಜನ ಮೆಸೇಜ್ ಮಾಡಿದ್ದೀರಿ. ಅದರಲ್ಲಿ ಇಬ್ಬರು ನನ್ನ ಕ್ಲಾಸ್‌ಮೇಟ್ಸೇ. ಒಬ್ಬೊಬ್ಬರಿಗೂ ಟೈಪ್ ಮಾಡೋ ಬದಲು ಆರು ಪೋಸ್ಟ್‌ನಲ್ಲಿ ಹೇಳ್ಬಿಡ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸಿದಾಗ ಯಾವ ಗಿಟಾರ್ ನಿಮ್ಮನ್ನ ಮರುಳು ಮಾಡುತ್ತೋ, ಅದನ್ನ ಅವತ್ತೇ ಕೊಳ್ಳಬೇಡಿ. ಮನೆಗೆ ಬಂದು ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ನಾನು ಯಾರ ಜೊತೆ ನುಡಿಸ್ತೀನಿ? ಹಾಡೋರ ಜೊತೆಯಾ, ಕುಣಿಯೋರ ಜೊತೆಯಾ, ಇಲ್ಲಾ ಒಬ್ಬಳೇನಾ? ಗಿಟಾರ್ ಆರಿಸಬೇಕಾದ್ದು ಆ ಉತ್ತರ. ಒಳಗೆ ಅಂಟಿಸಿರೋ ಲೇಬಲ್ ಅಲ್ಲ, ಬೆಲೆಯೂ ಅಲ್ಲ.

ಇದನ್ನ ಕಲಿಯೋಕೆ ನಾನು ಕಟ್ಟಿದ ಫೀಸು ಸ್ವಲ್ಪ ಜಾಸ್ತಿನೇ ಆಯ್ತು.

(2/6)
ಗ್ರಾನಡಾಗೆ ಓದೋಕೆ ಬಂದ ಮೊದಲ ವರ್ಷ. ಅಮ್ಮ ಚೀಟಿ ಎತ್ತಿ ಕಳಿಸಿದ ದುಡ್ಡು, ನಾನು ಟ್ಯೂಷನ್ ಹೇಳಿ ಕೂಡಿಟ್ಟಿದ್ದು, ಎಲ್ಲಾ ಸೇರಿ 3,200 ಯೂರೋ. ಒಂದು ಅಂಗಡಿಯಲ್ಲಿ ನೆಗ್ರಾ ಸಿಕ್ತು. ಅಂದ್ರೆ ಹಿಂಬದಿ ಮತ್ತು ಪಕ್ಕಗಳು ಕಡುಬಣ್ಣದ ರೋಸ್‌ವುಡ್‌ನವು. ಒಂದು ತಂತಿ ಮೀಟಿದ್ರೆ ನಾದ ಗಂಟೆ ಥರ ನಿಂತೇ ಇರ್ತಿತ್ತು. ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ. ಅವತ್ತೇ ತಗೊಂಡೆ.

ಮೂರು ವಾರ ಆದ್ಮೇಲೆ ಒಂದು ಡಾನ್ಸ್ ಕ್ಲಾಸ್‌ಗೆ ಗಿಟಾರ್ ನುಡಿಸೋ ಅವಕಾಶ ಬಂತು. ಸೋಲೆಯಾ ನಿಧಾನ, ಹೆಂಗೋ ಸಾಗಿತು. ಆಮೇಲೆ ಬುಲೆರಿಯಾ ಶುರುವಾಯ್ತು. ಅದೂ 12 ಎಣಿಕೆಯ ಆವರ್ತನವೇ, ಆದ್ರೆ ಓಡೋ ವೇಗ. ಹದಿನೈದು ಜೊತೆ ಕಾಲು ಮರದ ನೆಲವನ್ನ ಬಡೀತಿವೆ, ಚಪ್ಪಾಳೆ ಬೇರೆ. ನನ್ನ ಒಂದು ಪೆಟ್ಟಿನ ನಾದ ಮುಗಿಯೋ ಮುಂಚೆ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲಾ ಕಲಸಿದ ಅನ್ನ. ಟೀಚರ್ ಕೈ ಎತ್ತಿ ನಿಲ್ಲಿಸಿದ್ರು. ಬೈಲಿಲ್ಲ. "ಸದ್ದು ಚೆಂದ ಇದೆ. ಆದ್ರೆ ನನ್ನ ಕಾಲು ಎಲ್ಲಿ ಇಡ್ಲಿ?" ಅಂದ್ರು.

ಆರು ತಿಂಗಳಿಗೆ ಅದನ್ನ ಮಾರಿದೆ. 700 ಯೂರೋ ನಷ್ಟ. ಅಂಗಡಿಯವರ ತಪ್ಪಲ್ಲ, ಗಿಟಾರ್ ತಪ್ಪೂ ಅಲ್ಲ. ಒಬ್ಬಳೇ ಕೂತು ಕೇಳಿ ಕೊಂಡಿದ್ದನ್ನ ಹದಿನೈದು ಜನರ ನಡುವೆ ತಂದಿಟ್ಟಿದ್ದು ನಾನು.

(3/6)
ಹಂಗಾದ್ರೆ ವ್ಯತ್ಯಾಸ ಎಲ್ಲಿದೆ?

ಹಳೇ ಫ್ಲಾಮೆಂಕೋ ಗಿಟಾರ್ ಅಂದ್ರೆ ಬ್ಲಾಂಕಾ. ಮುಂದಿನ ಹಲಗೆ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕ ಸೈಪ್ರೆಸ್. ಸೈಪ್ರೆಸ್ ಸ್ಪೇನ್‌ನಲ್ಲೇ ಸಿಗೋ ಹಗುರ ಮರ, ಆಗಿನ ಕಾಲಕ್ಕೆ ಅಗ್ಗ. ಹಡಗಿನಲ್ಲಿ ಬರೋ ರೋಸ್‌ವುಡ್ ದುಬಾರಿ. ಹೋಟೆಲು, ಕೆಫೆಗಳಲ್ಲಿ ಹಾಡೋರ ಜೊತೆ ನುಡಿಸಿ ಹೊಟ್ಟೆ ಹೊರೀತಿದ್ದವರ ಕೈಗೆ ಸಿಕ್ಕಿದ್ದು ಅಗ್ಗದ್ದೇ. ಅದರ ಸದ್ದು ತಕ್ಷಣ ಸಿಡಿಯುತ್ತೆ, ತಕ್ಷಣ ಆರುತ್ತೆ. ಆ ಒಣ ಸದ್ದೇ ಈ ಸಂಗೀತದ ದನಿ ಆಗಿಹೋಯ್ತು. ಇವತ್ತು ಒಳ್ಳೆ ಕೈಯ ಬ್ಲಾಂಕಾ ಅಗ್ಗ ಏನಲ್ಲ ಬಿಡಿ.

ನೆಗ್ರಾ ಬಗ್ಗೆ ನಮಗೊಂದು ಹೆಮ್ಮೆ ಇರಬಹುದು: ನಮ್ಮ ಮಲೆನಾಡು, ಕೊಡಗಲ್ಲಿ ಬೆಳೆಯೋ ಬೀಟೆ ಇದೆಯಲ್ಲ, ಇಂಡಿಯನ್ ರೋಸ್‌ವುಡ್ ಅಂತ ಇಲ್ಲಿ ಗಿಟಾರ್ ಕಟ್ಟೋರು ಬಳಸೋದು ಅದೇ ಜಾತಿಯನ್ನ. ಹಳೇ ನೆಗ್ರಾಗಳಲ್ಲಿ ಬ್ರೆಜಿಲ್ ರೋಸ್‌ವುಡ್ ಇರೋದುಂಟು. ಅದರ ವ್ಯಾಪಾರದ ಮೇಲೆ 1992ರಿಂದ ಕಟ್ಟುನಿಟ್ಟಿನ ಅಂತಾರಾಷ್ಟ್ರೀಯ ನಿರ್ಬಂಧ ಇದೆ. ಕಾಗದಪತ್ರ ಇಲ್ಲದೆ ಅಂಥದ್ದನ್ನ ಕೊಂಡು ಊರಿಗೆ ತರೋ ಸಾಹಸ ಬೇಡ.

"ಪಾಕೋ ದೆ ಲುಸಿಯಾ ನೆಗ್ರಾ ನುಡಿಸ್ತಿದ್ರಲ್ಲ?" ಅಂತೀರಿ. ನುಡಿಸ್ತಿದ್ರು. ದೊಡ್ಡ ವೇದಿಕೆಗಳಲ್ಲಿ ನೆಗ್ರಾಗೆ ಮರ್ಯಾದೆ ತಂದವರಲ್ಲಿ ಅವರೇ ಮುಖ್ಯರು. ಸಭಾಂಗಣದಲ್ಲಿ ಸೋಲೋ ನುಡಿಸೋರಿಗೆ ಆ ತುಂಬು ನಾದ, ಉದ್ದ ಉಸಿರು ಬೇಕು. ನೀವು ಅದನ್ನೇ ಮಾಡೋದಾದ್ರೆ ಕಣ್ಣು ಮುಚ್ಚಿ ನೆಗ್ರಾ ತಗೊಳ್ಳಿ, ನನ್ನ ತಕರಾರಿಲ್ಲ. ಅವರು ಅದನ್ನ ನುಡಿಸ್ತಿದ್ರು ಅನ್ನೋ ಒಂದೇ ಕಾರಣಕ್ಕೆ ತಗೋಬೇಡಿ ಅಷ್ಟೇ.

(4/6)
ಈಗ ಕೈಯಲ್ಲಿ ಹಿಡಿದು ನೋಡೋ ವಿಷಯಗಳು. ಸೇವ್ ಮಾಡ್ಕೊಳ್ಳಿ.

ತಂತಿಯ ಎತ್ತರ: 12ನೇ ಫ್ರೆಟ್ ಹತ್ತಿರ ಆರನೇ ತಂತಿಯ ಕೆಳಗೆ ಸುಮಾರು 3 ಮಿ.ಮೀ. ಅಥವಾ ಸ್ವಲ್ಪ ಕಡಿಮೆ. ಕ್ಲಾಸಿಕಲ್ ಗಿಟಾರ್‌ಗೆ ಇದಕ್ಕಿಂತ ಜಾಸ್ತಿ ಇರುತ್ತೆ.

ಬ್ರಿಡ್ಜ್ ಹತ್ತಿರ: ಮುಂದಿನ ಹಲಗೆಯಿಂದ ತಂತಿ 8 ಮಿ.ಮೀ. ಆಸುಪಾಸು. ನಾವು ನುಡಿಸ್ತಾ ನುಡಿಸ್ತಾ ಬೆರಳಲ್ಲಿ ಹಲಗೆಗೆ ಕುಟ್ಟುತ್ತೀವಲ್ಲ, ಆ ಗೋಲ್ಪೆಗೆ ಹಲಗೆ ಹತ್ತಿರದಲ್ಲೇ ಇರಬೇಕು. ಹಲಗೆ ಕಾಪಾಡೋಕೆ ಅಂಟಿಸಿರೋ ತೆಳು ಪ್ಲಾಸ್ಟಿಕ್ ಹಾಳೆ ಗೋಲ್ಪೆಯಾದೋರ್. ಅದರಡಿ ಬಿರುಕಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಸ್ಯಾಡಲ್: ತಂತಿಗಳು ಕೂರೋ ಮೂಳೆಪಟ್ಟಿ ಬ್ರಿಡ್ಜ್‌ನಿಂದ ಮೇಲೆ ಸ್ವಲ್ಪವಾದ್ರೂ ಉಳಿದಿರಬೇಕು. ಪೂರ್ತಿ ಉಜ್ಜಿ ಇಳಿಸಿಯೂ ತಂತಿ ಎತ್ತರದಲ್ಲೇ ಇದ್ರೆ ನೆಕ್ ಬಾಗಿರೋ ಸಾಧ್ಯತೆ ಇದೆ. ಆ ರಿಪೇರಿ ಸಣ್ಣದಲ್ಲ.

ಝರ್ ಅನ್ನೋ ಸದ್ದು: ಜೋರಾಗಿ ರಾಸ್ಗೆಯಾದೋ ಹೊಡೆದಾಗ ಸ್ವಲ್ಪ ಝರ್ ಅಂದ್ರೆ ಫ್ಲಾಮೆಂಕೋದವರು ತಲೆ ಕೆಡಿಸ್ಕೊಳ್ಳಲ್ಲ. ಮೆಲ್ಲಗೆ ಮೀಟಿದ್ರೂ ಝರ್ ಅಂದ್ರೆ ವಾಪಸ್ ಇಡಿ.

ವೀಣೆಗಿರೋ ಥರ ಮರದ ಬಿರಡೆಯ ಗಿಟಾರ್‌ಗಳೂ ಸಿಗ್ತವೆ. ನೋಡೋಕೆ ಚೆಂದ, ಗಿಟಾರ್ ಹಗುರ ಕೂಡ. ಆದ್ರೆ ಹಾಡು-ಹಾಡಿನ ನಡುವೆ ಬೇಗ ಶ್ರುತಿ ಮಾಡೋಕೆ ನನಗೆ ಲೋಹದ ಕೀಗಳೇ ವಾಸಿ.

(5/6)
ಇದು ಯಾರೂ ಮಾಡದ ಪರೀಕ್ಷೆ. ನಾನೂ ಮಾಡಿರಲಿಲ್ಲ.

ಒಂದು, ಕೇಪೋ ಹಾಕಿ ನುಡಿಸಿ. ಇಲ್ಲಿ ಅದಕ್ಕೆ ಸೆಹೀಯಾ ಅಂತಾರೆ. ಹಾಡೋರ ಶ್ರುತಿಗೆ ಹೊಂದಿಸೋಕೆ ಬಹಳಷ್ಟು ಸಲ ಅದು ಬೇಕೇ ಬೇಕು. ಎರಡು, ನಾಲ್ಕು, ಆರನೇ ಫ್ರೆಟ್‌ಗೆ ಹಾಕಿ ನೋಡಿ. ಖಾಲಿ ತಂತಿಯಲ್ಲಿ ರಾಜನ ಥರ ಇದ್ದ ಗಿಟಾರ್ ಅಲ್ಲಿ ಬೆಕ್ಕಿನ ಮರಿ ಆಗೋದುಂಟು.

ಎರಡು, ಬೇರೆಯವರ ಕೈಗೆ ಕೊಟ್ಟು ನೀವು ನಾಲ್ಕೈದು ಮೀಟರ್ ದೂರ ಕೂತ್ಕೊಳ್ಳಿ. ಗಿಟಾರ್‌ನ ಸದ್ದು ಮುಂದಕ್ಕೆ ಹೋಗುತ್ತೆ. ಅದು ಏನು ಮಾಡ್ತಿದೆ ಅಂತ ತಬ್ಬಿಕೊಂಡು ಕೂತೋರಿಗೆ ಪೂರ್ತಿ ಗೊತ್ತಾಗಲ್ಲ.

ಮೂರು, ಜೊತೆಗೆ ಇನ್ನೊಬ್ಬರು ಚಪ್ಪಾಳೆ ತಟ್ಟಲಿ, ಕಾಲು ಬಡೀಲಿ. ಆ ಗದ್ದಲದಲ್ಲೂ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿದ್ರೆ ಅದೇ ನಿಮ್ಮದು. ಆಗ ಕಣ್ಣು ಮುಚ್ಚಿರಿ. ಮರ ಯಾವುದು ಅಂತಾನೂ ನೋಡ್ಬೇಡಿ. ಒಣ ಸದ್ದಿನ ನೆಗ್ರಾ ಇವೆ, ಗುಂಯ್‌ಗುಡೋ ಬ್ಲಾಂಕಾನೂ ಇವೆ. ಹಲಗೆ ಎಷ್ಟು ತೆಳು, ಒಳಗಿನ ಪಟ್ಟಿಗಳು ಹೇಗಿವೆ ಅನ್ನೋದೂ ಮರದಷ್ಟೇ ಕೆಲಸ ಮಾಡುತ್ತೆ.

(6/6)
ಅಲ್‌ಹಾಂಬ್ರಾ ಕೋಟೆಗೆ ಹತ್ತೋ ಕ್ವೆಸ್ತಾ ದೆ ಗೊಮೆರೆಸ್ ಅನ್ನೋ ಬೀದಿ ಗಿಟಾರ್ ಕಟ್ಟೋರಿಗೆ ಹೆಸರುವಾಸಿ. ಎರಡನೇ ಸಲ ನಾನು ಆ ಏರು ಹತ್ತಿ ಇಳಿದು, ವಾರಗಟ್ಟಲೆ ಅಲೆದು, ಕೊನೆಗೆ ಕೊಂಡಿದ್ದು ಒಬ್ಬ ಹಿರಿಯ ವಾದಕರ ಹಳೇ ಬ್ಲಾಂಕಾ. ಡಾನ್ಸ್ ಟೀಚರ್‌ನೇ ಕರ್ಕೊಂಡು ಹೋಗಿದ್ದೆ. ಅವರು ಅಡುಗೆಮನೆ ನೆಲದ ಮೇಲೆ ಒಂದು ಆವರ್ತನ ಕಾಲು ಬಡಿದು, ತಲೆ ಆಡಿಸಿದ್ರು. ಅಷ್ಟೇ, ವ್ಯಾಪಾರ ಮುಗೀತು.

ವಿಡಿಯೋ ಕಾಲ್‌ನಲ್ಲಿ ಅಮ್ಮ: "ಅಲ್ಲ ಕಣೇ, ಅಷ್ಟು ದುಡ್ಡು ಕೊಟ್ಟು ಗೀರು ಬಿದ್ದಿರೋದು ತಗೊಂಡ್ಯಾ?"
ನಾನು: "ಅಮ್ಮ, ನಿನ್ನ ಇಡ್ಲಿ ಪಾತ್ರೆ ಹೊಸದಾ?"
ಅಮ್ಮ ಸುಮ್ಮನಾದ್ರು. ಆಮೇಲೆ "ನುಡಿಸು ನೋಡೋಣ" ಅಂದ್ರು.

ಪ್ರೊಫೆಷನಲ್ ಅಂದ್ರೆ ನನ್ನ ಲೆಕ್ಕದಲ್ಲಿ ಕೆಲಸಕ್ಕೆ ಬರೋದು. ಪಕ್ಕದಲ್ಲಿ ಕುಣಿಯೋರಿಗೆ ಕಾಲಿಡೋಕೆ ಜಾಗ ಕೊಡೋದು. ನಿಮ್ಮ ಕೆಲಸ ಯಾವುದು ಅಂತ ಇನ್ನೂ ಗೊತ್ತಿಲ್ಲ ಅಂದ್ರೆ ಈಗಿರೋ ಸಾಧಾರಣ ಗಿಟಾರ್‌ನಲ್ಲೇ ಇನ್ನೊಂದು ವರ್ಷ ನುಡಿಸಿ. ಮನೆಯವರ ಚೀಟಿ ದುಡ್ಡು ಎಲ್ಲಿಗೂ ಓಡಿಹೋಗಲ್ಲ.

ನೀವು ಯಾರ ಜೊತೆ ನುಡಿಸ್ತೀರಿ? ಕಾಮೆಂಟ್‌ನಲ್ಲಿ ಹೇಳಿ. ಬಜೆಟ್ ಆಮೇಲೆ ಮಾತಾಡೋಣ.

#ಫ್ಲಾಮೆಂಕೋ #ಗಿಟಾರ್‌ಕಥೆ #ಗ್ರಾನಡಾಡೈರಿ #ಕನ್ನಡದಲ್ಲಿ