ಬಿಳಿಮೀನು ಉಳಿಯಲು ದೇವಸ್ಥಾನವೇ ಬೇಕಾ?

ಮೊದಲ ಮಳೆಗೆ ಹಳ್ಳದ ನೀರು ಕೆಂಪಗಾಯಿತೆಂದರೆ ಕೆ. ಹೊಸಕೋಟೆ ಕಡೆ ಹತ್ತುಮೀನಿನ ಮಾತೇ ಮಾತು. ಬಸ್ಸಿಗೆ ಕಾದವರದೂ ಅದೇ, ಅಂಗಡಿ ಕಟ್ಟೆಯವರದೂ ಅದೇ. ಮೀನು ಮೇಲಕ್ಕೆ ಹತ್ತುವುದು ಸಾರಿನ ಮಡಕೆಗೆ ಬೀಳಲಿಕ್ಕಲ್ಲ, ಮೊಟ್ಟೆ ಇಡಲಿಕ್ಕೆ ಎಂಬುದು ಮಾತ್ರ ಯಾರಿಗೂ ಬೇಡ.

ಹೇಮಾವತಿಯ ಬಿಳಿಮೀನನ್ನೇ ತಗೊಳ್ಳಿ. ಗಾಳದ ಶೋಕಿಯವರು ಮಹಶೀರ್ ಅನ್ನುವುದು ಇದಕ್ಕೇ. ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿ, ಬಸವನಹುಳು ಅಲ್ಲೇ ಪುಡಿ. ದಡದ ಅತ್ತಿಹಣ್ಣು ಬಿದ್ದರೂ ಬಿಡುವುದಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಹೆಚ್ಚುಕಮ್ಮಿ 54 ಕೆ.ಜಿ., ಒಂದು ಮೂಟೆ ಕಾಫಿಗಿಂತ ಜಾಸ್ತಿ!

ಆದರೆ ಅಷ್ಟು ಬೆಳೆಯಲು ವರ್ಷಗಟ್ಟಲೆ ಬೇಕು. ಹರಿಯುವ ತಿಳಿನೀರು, ಜಲ್ಲಿಕಲ್ಲಿನ ತಳ ಇದ್ದರೇನೇ ಮೊಟ್ಟೆ. ಅದೂ ಕಂತು ಕಂತಾಗಿ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಎದ್ದ ಮೇಲೆ ಕೆಳಗಿನಿಂದ ಏರಿಬರುವ ದಾರಿ ಬಂದ್. ಕಟ್ಟೆ ಬೇಡವಿತ್ತು ಅಂತ ಯಾರೂ ಹೇಳುತ್ತಿಲ್ಲ, ಗದ್ದೆಗೆ ನೀರು ಬಂತು. ಮೇಲುಗಡೆ ಉಳಿದ ಮೀನಿಗೆ ಸಕಲೇಶಪುರ, ಆಲೂರು ಭಾಗದ ಹೊಳೆ ಹಳ್ಳಗಳೇ ಹೆರಿಗೆಮನೆ. ಅಂಥ ಮಡುವಿಗೆ ತೋಟೆ ಎಸೆದರೆ, ಬ್ಲೀಚಿಂಗ್ ಪೌಡರ್ ಸುರಿದರೆ ನಾಲ್ಕು ದೊಡ್ಡ ಮೀನಿನ ಜೊತೆ ಲೆಕ್ಕವಿಲ್ಲದ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ತೋಟೆ, ವಿಷ ಕೂಡದೆಂದು ಬ್ರಿಟಿಷರ 1897ರ ಕಾಯಿದೆಯೇ ಹೇಳಿತ್ತು. ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ ಅಂತೂ 2018ರಲ್ಲಿ, ಇನ್ನೇನು ಅಳಿದೇಹೋಗುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು.

ಇದೇ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋಗಿ ನೋಡಿ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ಮಹಶೀರ್‌ಗಳು ಭಕ್ತರು ಎಸೆದ ಪುರಿಗೆ ಮುಗಿಬೀಳುತ್ತವೆ. ಹಿಡಿಯುವ ಮಾತೇ ಇಲ್ಲ. ದೇವರ ಮೀನು ಅಂದರೆ ಭಯ, ಹೊಳೆ ಮೀನು ಅಂದರೆ ಬಿಟ್ಟಿ ಮಾಲು. ಕೆಂಚಮ್ಮನ ಹೆಸರು ಹೊತ್ತ ಹೊಸಕೋಟೆಯವರಿಗೆ ಭಯಭಕ್ತಿಯ ಪಾಠ ಬೇಕಿಲ್ಲ. ಅದು ಗುಡಿಯಿಂದ ಹಳ್ಳದವರೆಗೂ ಇಳಿಯಲಿ ಅಷ್ಟೆ.

ಮುಂಗಾರಿನ ಎರಡು ತಿಂಗಳು ಹಳ್ಳದಲ್ಲಿ ಮೀನು ಹಿಡಿಯಕೂಡದೆಂದು ಪಂಚಾಯ್ತಿಯವರು ಡಂಗುರ ಹೊಡೆಸಲಿ. ಅದಕ್ಕೆ ಗ್ರಾಂಟೂ ಬೇಡ, ಟೆಂಡರೂ ಬೇಡ. ಅಂಗಡಿಯವರದೂ ಒಂದು ಕೆಲಸವಿದೆ. ಬಾವಿಗೆ ಹಾಕಬೇಕು, ಐದು ಕಿಲೋ ಬ್ಲೀಚಿಂಗ್ ಕೊಡಿ ಎಂದು ಬಂದವನ ಹೆಗಲ ಮೇಲೆ ಬಲೆ ಇದ್ದರೆ, ಯಾವ ಬಾವಿಗಪ್ಪಾ ಅಂತ ಕೇಳಬಹುದಲ್ಲ?