ಸ್ಮಿತ್ ಅಂದ್ರೂ ಕಂಬಾರನೇ



ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇದ್ದವರನ್ನು ಕಂಡರೆ ನಾವು ನಗ್ತೀವಿ. ಕರಿಯಪ್ಪ, ಕೆಂಚವ್ವ ಅಂದರೂ ನಗ್ತೀವಿ. ಅದೇ ಇಂಗ್ಲಿಷ್ ಪುಸ್ತಕದಲ್ಲಿ ಸ್ಮಿತ್, ಡಗ್ಲಾಸ್ ಅಂತ ಬಂದರೆ 'ಎಷ್ಟು ಚಂದದ ಹೆಸರು!' ಅಂತೀವಿ. ಅರ್ಥ ಗೊತ್ತಿಲ್ಲದ್ದಕ್ಕೇ ಅವು ನಮಗೆ ಚಂದ ಕಾಣುತ್ತವೆ ಎಂಬುದು ನನ್ನ ಅಭಿಪ್ರಾಯ.

ಅರ್ಥ ನೋಡಿರಿ. ಸ್ಮಿತ್ ಅಂದ್ರೆ ಕಂಬಾರ. ಪಾಟರ್ ಅಂದ್ರೆ ಕುಂಬಾರ. ಥ್ಯಾಚರ್ ಅಂದ್ರೆ ಮನೆಗೆ ಹುಲ್ಲು ಹೊದಿಸುವವ. ಆ ಅಡ್ಡಹೆಸರಿನ ಮಾರ್ಗರೆಟ್ ಥ್ಯಾಚರ್ 1979ರಿಂದ 1990ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದರು. ನಮ್ಮಲ್ಲೂ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿದೆ. ಕಂಬಾರ, ಸ್ಮಿತ್ ಎರಡೂ ಒಂದೇ ಕುಲುಮೆಯ ಹೆಸರು.

ಇಂಗ್ಲೆಂಡಿನ ನೆರೆಯಲ್ಲಿರುವ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕೆಲ್ಟಿಕ್ ಭಾಷೆಗಳಿವೆ. ಅಲ್ಲಿಯ ಹೆಸರುಗಳೂ ನಮ್ಮಂಥವೇ. ಡಗ್ಲಾಸ್ ಅಂದ್ರೆ ಕಪ್ಪು ನೀರು, ಅಂದರೆ ನಮ್ಮ ಕರಿಹಳ್ಳ ಇದ್ದ ಹಾಗೆ. ಕ್ಯಾಮರಾನ್ ಅಂದ್ರೆ ಸೊಟ್ಟ ಮೂಗು. ಆ ಅಡ್ಡಹೆಸರಿನ ಡೇವಿಡ್ ಕ್ಯಾಮರಾನ್ 2010ರಿಂದ 2016ರವರೆಗೆ ಪ್ರಧಾನಿಯಾಗಿದ್ದರು. ಹೆಸರಿನ ಮೂಗು ಸೊಟ್ಟ ಅಂತ ಅವರೇನು ಬದಲಾಯಿಸಿಕೊಳ್ಳಲಿಲ್ಲ.

ವೇಲ್ಸ್‌ನಲ್ಲಿ 'ಆಪ್' ಅಂದ್ರೆ ಮಗ. 'ಆಪ್ ರೀಸ್' ಅಂದರೆ ರೀಸನ ಮಗ. ಅದು ಇಂಗ್ಲಿಷರ ಬಾಯಲ್ಲಿ, ಬರವಣಿಗೆಯಲ್ಲಿ ಪ್ರೈಸ್ ಆಯಿತು. ಈಗ ಕೇಳಿದವರು 'ಬೆಲೆ' ಅಂದುಕೊಳ್ಳುತ್ತಾರೆ. ರೀಸ್ ಎಂಬುದೇ ಎಷ್ಟೋ ಕಡೆ ರೈಸ್ ಆಗಿದೆ. ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರ ಅಡ್ಡಹೆಸರೂ ರೈಸ್. ನಾವು ಅದನ್ನು ಅಕ್ಕಿ ಅಂತ ನಗುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಅಕ್ಕಿ ಅಂತಲೇ ಅಡ್ಡಹೆಸರು ಇದ್ದವರನ್ನು ಯಾಕೆ ನಗಬೇಕು?

ಇನ್ನೊಂದು ಮಾತು. ಆ ಜನ ತಮ್ಮ ಹೆಸರನ್ನು ಎಲ್ಲಾ ಕಡೆ ಖುಷಿಯಿಂದ ಬಿಡಲಿಲ್ಲ. ಐರ್ಲೆಂಡಿನಲ್ಲಿ ಇಂಗ್ಲಿಷರ ಹಿಡಿತದ ಸೀಮೆಯಲ್ಲಿದ್ದ ಐರಿಷರು ಊರು, ಬಣ್ಣ, ಕಸುಬು ಇಲ್ಲವೆ ಹುದ್ದೆಯ ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು 1465ರಲ್ಲಿ ಕಾಯಿದೆ ಬಂತು. ಐರಿಷ್‌ನಲ್ಲಿ 'ಮ್ಯಾಕ್ ಗವನ್' ಅಂದ್ರೆ ಕಂಬಾರನ ಮಗ. ಮುಂದೆ ಎಷ್ಟೋ ಮನೆಗಳಲ್ಲಿ ಆ ಹೆಸರು ಹೋಗಿ ಸ್ಮಿತ್ ಆಯಿತು. ಅರ್ಥ ಉಳಿಯಿತು, ಭಾಷೆ ಹೋಯಿತು. ಸ್ಕಾಟ್ಲೆಂಡಿನಲ್ಲಿ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ 1603ರಲ್ಲಿ ನಿಷೇಧಿಸಿದರು. ಹಾಗೆ ಕರೆಸಿಕೊಂಡವರಿಗೆ ಮರಣದಂಡನೆ! ನಡುವೆ ಕೆಲವು ಕಾಲ ಬಿಟ್ಟರೂ, ಆ ನಿಷೇಧ ಪೂರ್ತಿ ಹೋದದ್ದು 1774ರಲ್ಲಿ. ಇಷ್ಟಾದರೂ ಆ ಹೆಸರು ಇಂದಿಗೂ ಉಳಿದಿದೆ. ಜೀವಕ್ಕೆ ಕುತ್ತು ಬಂದಾಗಲೂ ಅವರು ಅದನ್ನು ಮರೆತಿರಲಿಲ್ಲ.

ನಮ್ಮ ಮೇಲೆ ಅಂಥ ಕಾಯಿದೆ ಯಾವುದೂ ಇಲ್ಲ. ಆದರೂ ಹತ್ತನೇ ತರಗತಿಯ ಅರ್ಜಿ ತುಂಬುವ ಮೊದಲು ಹೆಸರು ಬದಲಿಸಿರಿ ಅಂತ ಮನೆಯಲ್ಲಿ ಹಟ ಹಿಡಿಯುವವರು ನಮ್ಮೊಳಗೇ ಇದ್ದಾರೆ. ಅಜ್ಜಿಯ ಹೆಸರು, ಮನೆದೇವರ ಹೆಸರು ಅವರಿಗೆ ಬೇಡವಾಗಿದೆ. ಇದಕ್ಕೆ ಕಾರಣ ಅರಸನಲ್ಲ, ನಮ್ಮ ನಗು. ಬದಲಾಯಿಸುವುದು ಬಿಡುವುದು ಅವರವರ ಇಷ್ಟ. ಆದರೆ ನಾಚಿಕೆಯಿಂದ ಬದಲಾಯಿಸುವಂತೆ ನಾವು ಮಾಡಬಾರದು.

ಆದ್ದರಿಂದ ಗೆಳೆಯರೇ, ಯಾರದಾದರೂ ಹೆಸರು ವಿಚಿತ್ರ ಅನಿಸಿದರೆ ನಗುವ ಬದಲು ಅರ್ಥ ಕೇಳೋಣ. ಗುರುಗಳೇ, ಅಕ್ಕೋರೇ, ವಾರಕ್ಕೊಮ್ಮೆ ನಮ್ಮಲ್ಲಿ ಒಬ್ಬರ ಹೆಸರಿನ ಕಥೆಯನ್ನು ತರಗತಿಯಲ್ಲಿ ಹೇಳಿಸಿರಿ ಎಂದು ಕೇಳಿಕೊಳ್ಳುತ್ತೇನೆ. ಅರ್ಥ ತಿಳಿದ ಮೇಲೆ ನಗು ಬರುವುದಿಲ್ಲ, ಗೌರವ ಬರುತ್ತದೆ.