ಹಸ್ತಪ್ರತಿಯ ಚಿತ್ರವಷ್ಟೇ ಸಾಲದು

ಯೆಮನ್‌ನ ಜೈದಿ (ಶಿಯಾ ಇಸ್ಲಾಮಿನ ಒಂದು ಶಾಖೆ) ಗ್ರಂಥಭಂಡಾರಗಳ ಅರೇಬಿಕ್ ಹಸ್ತಪ್ರತಿಗಳು ಡಿಜಿಟಲ್ ರೂಪದಲ್ಲಿ ವಿದ್ವಾಂಸರಿಗೆ ಸಿಗುತ್ತಿರುವುದು ಸ್ವಾಗತಾರ್ಹ. ಯುದ್ಧಗ್ರಸ್ತ ನಾಡಿನಲ್ಲಿ ಅದು ತುರ್ತಿನ ಕೆಲಸವೂ ಹೌದು. ಇಂಥ ಭಂಡಾರಗಳಲ್ಲಿ ಉಳಿದುಬಂದ, ತರ್ಕಕ್ಕೆ ಮೊದಲ ಮಣೆ ಹಾಕಿದ ಇಸ್ಲಾಮಿನ ಮುಅತಜಿಲಾ ಪಂಥದ ವಿಚಾರಗಳನ್ನು ಜಗತ್ತು ಬಹುಕಾಲ ಎದುರಾಳಿಗಳ ಖಂಡನೆಗಳಿಂದಲೇ ಹೆಚ್ಚಾಗಿ ಅರಿತಿತ್ತು. 1950ರ ದಶಕದ ಆರಂಭದಲ್ಲಿ ಈಜಿಪ್ಟಿನ ವಿದ್ವಾಂಸರ ತಂಡಕ್ಕೆ ಯೆಮನ್‌ನಲ್ಲಿ ಆ ಪಂಥದ ವಿದ್ವಾಂಸ ಕಾಜಿ ಅಬ್ದುಲ್ ಜಬ್ಬಾರರ ‘ಅಲ್-ಮುಘ್ನಿ’ ದೊರೆತು, ಮುಂದೆ ಕೈರೋದಲ್ಲಿ ಅಚ್ಚಾದ ಮೇಲೆ ಆ ಸ್ಥಿತಿ ಬದಲಾಯಿತು. 20 ಸಂಪುಟಗಳ ಆ ಗ್ರಂಥ ಇಂದಿಗೂ ಪೂರ್ತಿ ಸಿಕ್ಕಿಲ್ಲ.

ಆದರೆ ಹಸ್ತಪ್ರತಿಗಳ ಚಿತ್ರಗಳು ಸುಲಭವಾಗಿ ಸಿಕ್ಕಾಗ ಒಂದೇ ಪ್ರತಿಯನ್ನು ನಂಬಿ, ಪಾಠಾಂತರಗಳನ್ನು ಬಿಟ್ಟು, ಅವಸರದಲ್ಲಿ ಅಚ್ಚು ಹಾಕುವ ಅಪಾಯವಿದೆ. ಲಿಪಿಕಾರ ಕೈಬಿಟ್ಟ ಒಂದು ‘ಅಲ್ಲ’ ಇಡೀ ಸಿದ್ಧಾಂತವನ್ನೇ ತಲೆಕೆಳಗು ಮಾಡೀತು. ಆದ್ದರಿಂದ ಈ ಕೆಲಸಕ್ಕೆ ನೆರವು ನೀಡುವ ಸಂಸ್ಥೆಗಳು ಸ್ಕ್ಯಾನಿಂಗ್‌ಗೆ ಕೊಡುವಷ್ಟೇ ಹಣವನ್ನು ಗ್ರಂಥಸಂಪಾದನೆಗೂ ಮೀಸಲಿಡಬೇಕು. ಯೆಮನ್‌ನ ವಿದ್ವಾಂಸರನ್ನು ಸಹಸಂಪಾದಕರನ್ನಾಗಿ ಸೇರಿಸಿಕೊಳ್ಳಬೇಕು.